ನಾಲ್ಕು ದಪ್ಪ ತಂತಿಗಳ ಹಿಂದೆ

ಹೊರವರ್ತುಲ ರಸ್ತೆಯ ಲಗ್ಗೆರೆ ಬ್ರಿಡ್ಜ್ ಸ್ಟಾಪಿನಲ್ಲಿ ಬಸ್ಸಿಳಿದು ನಮ್ಮ ಬೀದಿಯ ಕಡೆ ತಿರುಗಿದರೆ ಮೊದಲು ಎದುರಾಗುವುದು ಮನೆಯಲ್ಲ, ಮರವಲ್ಲ, ಸದ್ದು. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ಅಲ್ಲಿಗೆ ಬೇಕಾದ ಸಣ್ಣಪುಟ್ಟ ಬಿಡಿಭಾಗ ಮಾಡುವ ಲೇತ್ ಅಂಗಡಿಗಳು ನಮ್ಮಲ್ಲೂ ಇವೆ. ಬೆಳಿಗ್ಗೆ ಶಟರ್ ಎತ್ತುವ ಸದ್ದು, ಸೊಪ್ಪಿನವಳ ಕೂಗು, ಗಾರ್ಮೆಂಟ್ಸಿಗೆ ಹೊರಟ ಹೆಣ್ಣುಮಕ್ಕಳ ಮಾತು, ಮನೆಮನೆಯ ಕುಕ್ಕರ್ ಸೀಟಿ. ಇವೆಲ್ಲದರ ಕೆಳಗೆ ರಿಂಗ್ ರಸ್ತೆಯ ಲಾರಿಗಳ ಒಂದೇ ಸಮನಾದ ಗುಡುಗು.

ಕುಣಿಗಲ್ ಕಡೆಯ ಹಳ್ಳಿಯಿಂದ ಬಂದವನು ನಾನು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದೆ. ಮೊದಲು ರಾಜಾಜಿನಗರದಲ್ಲಿ ಬಾಡಿಗೆಗೆ ಇದ್ದೆವು. ಆಮೇಲೆ ಸಾಲ ಮಾಡಿ ಲಗ್ಗೆರೆಯಲ್ಲಿ ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಮನೆ ಕಟ್ಟಿದೆವು. ಈಗ ನನಗೆ ಎಪ್ಪತ್ತು ದಾಟಿದೆ. ಇದು ನಾನು ಮತ್ತು ನನ್ನ ಮೊಮ್ಮಗಳು ಒಂದು ವಾದ್ಯದ ಬೆನ್ನು ಹತ್ತಿ ಊರು ಸುತ್ತಿದ ಕಥೆ. ಆದರೆ ಅದು ಶುರುವಾದದ್ದು ಸಂಗೀತದಿಂದಲ್ಲ, ಸೀದುಹೋದ ಬೇಳೆಯಿಂದ.

ಒಂದು ಬೆಳಿಗ್ಗೆ ನಮ್ಮಾಕೆ ಕುಕ್ಕರ್ ಇಟ್ಟು, “ಮೂರು ಸೀಟಿ ಆದಮೇಲೆ ಆರಿಸಿ” ಎಂದು ಹೇಳಿ ದೇವಸ್ಥಾನಕ್ಕೆ ಹೋದಳು. ನಾನು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ಸೀಟಿ ಆಗಲೇ ಇಲ್ಲ. ಕೊನೆಗೆ ಎಚ್ಚರಿಸಿದ್ದು ಮೂಗು. ಪಕ್ಕದ ಮನೆಯವರು ಬಂದು, “ಯಜಮಾನರೇ, ಹತ್ತು ಸೀಟಿ ಆಯ್ತಲ್ಲ, ಮನೇಲಿ ಯಾರೂ ಇಲ್ಲ ಅಂದ್ಕೊಂಡ್ವಿ” ಎಂದರು. ಬೇಳೆ ಹೋದದ್ದಕ್ಕೆ ಬೇಸರವಾಗಲಿಲ್ಲ. ಆ ಹತ್ತು ಸೀಟಿಗಳು ಎಲ್ಲಿ ಹೋದವು ಎಂದು ಎದೆ ಧಸಕ್ಕೆಂದಿತು.

ಕಿವಿ ಪರೀಕ್ಷೆ ಮಾಡಿಸಿದೆವು. ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿ, ದಪ್ಪ ದನಿಯಿಂದ ಕೀಚಲು ದನಿಯವರೆಗೆ ಒಂದೊಂದಾಗಿ ಕೇಳಿಸುತ್ತಾರೆ. ಕೇಳಿಸಿದಾಗ ಗುಂಡಿ ಒತ್ತಬೇಕು. ಕೊನೆಗೆ ಒಂದು ನಕ್ಷೆ ಕೊಟ್ಟರು. ಎಡಗಡೆ ಗೆರೆ ಮೇಲೆಯೇ ಇತ್ತು, ಬಲಕ್ಕೆ ಹೋದಂತೆ ಬೆಟ್ಟದಿಂದ ಇಳಿದಂತೆ ಇಳಿದಿತ್ತು. ಎಡಗಡೆ ಇರುವುದು ತಗ್ಗಿನ ದನಿಗಳು, ಬಲಗಡೆ ಎತ್ತರದವು. ವಯಸ್ಸಾದಂತೆ ಸಾಮಾನ್ಯವಾಗಿ ಎತ್ತರದ ದನಿಗಳೇ ಮೊದಲು ಹೋಗುತ್ತವಂತೆ. ‘ಸ’, ‘ಷ’, ‘ಫ’, ‘ಥ’ ಇಂಥ ಅಕ್ಷರಗಳ ಸದ್ದು ಎತ್ತರದ್ದು. ಅದಕ್ಕೇ ತಾತಂದಿರಿಗೆ ಯಾರೋ ಮಾತಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನು ಮಾತಾಡಿದರು ಎಂಬುದು ತಿಳಿಯುವುದಿಲ್ಲ. ಮಕ್ಕಳೇ, ಇದನ್ನು ನೆನಪಿಟ್ಟುಕೊಳ್ಳಿ. ತಾತ ಬೇಕೆಂದೇ “ಏನಂದೆ?” ಎನ್ನುವುದಿಲ್ಲ. ಕಿರುಚಿದರೆ ಪ್ರಯೋಜನವೂ ಇಲ್ಲ. ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಹೇಳಿದರೆ ಸಾಕು.

ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದರು. ನಾನು ಒಪ್ಪಲಿಲ್ಲ. ಮುದುಕನಾದೆನೆಂದು ಬೋರ್ಡು ತಗುಲಿಸಿಕೊಂಡಂತೆ ಎನಿಸಿತು. ಬದಲಿಗೆ ಕಚೇರಿ ಕೇಳಲು ಹೋಗುವುದನ್ನೇ ಬಿಟ್ಟೆ. ಪ್ರತಿವರ್ಷ ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಕೂತು ಕೇಳುತ್ತಿದ್ದವನು ನಾನು. ಈಗ ಮಾಲಿಯವರ ಕೊಳಲಿನ ಕ್ಯಾಸೆಟ್ ಹಾಕಿದರೂ ಅದರ ಹೊಳಪೇ ಇಲ್ಲ. ಮಳೆಗಾಲದಲ್ಲಿ ಕಿಟಕಿಯ ಗಾಜಿನಾಚೆ ನೋಡಿದ ಹಾಗೆ. ಟೇಪ್ ರೆಕಾರ್ಡರನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದೆ.

ಆ ವರ್ಷವೇ ಮೊಮ್ಮಗಳು ಪುಟ್ಟಿ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಮನೆಯವರೆಲ್ಲ ಕೂತಿದ್ದಾಗ, “ನನಗೆ ಬೇಸ್ ಗಿಟಾರ್ ಬೇಕು” ಎಂದಳು. “ಗಿಟಾರ್ ಕಲಿತುಕೋ, ಅದೇನದು ಬೇಸು?” ಎಂದ ನನ್ನ ಮಗ. ಅವಳು ಫೋನಿನಲ್ಲಿ ಒಂದು ಹಾಡು ಹಾಕಿ ತೋರಿಸಿದಳು. ಹಾಡುವವರು ಕೇಳಿಸಿದರು, ತಮಟೆಯಂಥದ್ದು ಕೇಳಿಸಿತು. ಇವಳು ಹೇಳಿದ ವಾದ್ಯ ಮಾತ್ರ ನಮಗೆ ಯಾರಿಗೂ ಕೇಳಿಸಲಿಲ್ಲ. “ಯಾರಿಗೂ ಕೇಳಿಸದ ವಾದ್ಯ ಕಲಿತು ಏನು ಮಾಡ್ತೀಯೆ?” ಎಂದುಬಿಟ್ಟೆ. ಪುಟ್ಟಿ ಎದ್ದು ಹೋದಳು. ರಾತ್ರಿ ನಮ್ಮಾಕೆ, “ಆ ಮಗು ಇದುವರೆಗೂ ಇದು ಬೇಕು ಅಂತ ಬಾಯಿಬಿಟ್ಟು ಕೇಳಿದ್ದಿಲ್ಲ. ನೋಡ್ಕೊಂಡಾದ್ರೂ ಬನ್ನಿ” ಎಂದಳು.

ಬೆಂಗಳೂರಿನಲ್ಲಿ ವಾದ್ಯ ಎಂದರೆ ನನ್ನ ಕಾಲದವರಿಗೆ ನೆನಪಾಗುವುದು ಬಳೇಪೇಟೆ. ಹಾರ್ಮೋನಿಯಂ, ತಬಲ, ಮೃದಂಗದ ಅಂಗಡಿಗಳಿರುವ ಬೀದಿ. ಭಾನುವಾರ ಬಿಟ್ಟು ಒಂದು ದಿನ ಅಲ್ಲಿಗೆ ಹೋದೆವು. ಮೂರು ಅಂಗಡಿ ತಿರುಗಿದ ಮೇಲೆ ನಾಲ್ಕನೆಯವರು ಒಳಗಿನಿಂದ ಯಾರೋ ಕೊಟ್ಟುಹೋದ ಹಳೆಯ ಬೇಸ್ ಗಿಟಾರ್ ತಂದರು. ಮಾಮೂಲಿ ಗಿಟಾರಿಗಿಂತ ಕತ್ತು ಉದ್ದ, ತಂತಿ ನಾಲ್ಕೇ. ಆದರೆ ಒಂದೊಂದೂ ಬಾವಿ ಹಗ್ಗದ ಹಾಗೆ ದಪ್ಪ ಕಾಣಿಸಿತು. ಅಂಗಡಿಯವರು ಅದನ್ನು ಮರದ ಪೆಟ್ಟಿಗೆಯಂಥ ಆಂಪ್ಲಿಫೈಯರ್‌ಗೆ ಜೋಡಿಸಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಮೀಟಿದರು.

ನಾನು ಕೂತಿದ್ದ ಸ್ಟೂಲು ನಡುಗಿತು. ಕಾಲಿನಿಂದ ಬಂತೋ ಎದೆಯಿಂದ ಬಂತೋ, ಆ ನಾದ ಪೂರ್ತಿಯಾಗಿ, ಎಲ್ಲೂ ಹರಿಯದೆ, ದುಂಡಗೆ ಕೇಳಿಸಿತು. ಎರಡು ವರ್ಷದಿಂದ ಯಾವ ಸದ್ದನ್ನೂ ಕಿವಿ ನಿಮಿರಿಸಿ ಹಿಡಿಯಬೇಕಾಗಿತ್ತು. ಇದು ತಾನಾಗಿಯೇ ಬಂದು ಪಕ್ಕದಲ್ಲಿ ಕೂತುಕೊಂಡಿತು. “ಇನ್ನೊಂದು ಸಲ ಮೀಟಿ ಸ್ವಾಮಿ” ಎಂದೆ. ಪುಟ್ಟಿ ನನ್ನ ಮುಖ ನೋಡುತ್ತಿದ್ದಳು. ಚೌಕಾಸಿ ಮಾಡುವುದನ್ನೂ ಮರೆತು ದುಡ್ಡು ಕೊಟ್ಟೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವನು ಹೀಗೆ ಮಾಡಿದ್ದು ಅದೊಂದೇ ಸಲ.

ಅಂದಿನಿಂದ ನನಗೆ ಹಿಡಿದ ಹುಚ್ಚು ಬಿಟ್ಟಿಲ್ಲ. ಪುಟ್ಟಿ ನುಡಿಸುವುದನ್ನು ಕಲಿತಳು, ನಾನು ಅದರ ಲೆಕ್ಕ ಕಲಿತೆ.

ತಂತಿ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಅದುರುತ್ತದೆ ಎಂಬುದರ ಮೇಲೆ ದನಿ ಎತ್ತರವೋ ತಗ್ಗೋ ಎಂದು ತೀರ್ಮಾನವಾಗುತ್ತದೆ. ಮನುಷ್ಯರ ಕಿವಿಗೆ ಸುಮಾರು 20ರಿಂದ 20,000 ಸಲದವರೆಗಿನ ಅದುರುವಿಕೆ ಕೇಳಿಸುತ್ತದೆ. ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ಸಾಮಾನ್ಯವಾಗಿ ಸುಮಾರು 41, 55, 73 ಮತ್ತು 98ಕ್ಕೆ ಬಿಗಿಯುತ್ತಾರೆ. ಮಾಮೂಲಿ ಗಿಟಾರಿನ ಅತಿ ತಗ್ಗಿನ ತಂತಿ ಸುಮಾರು 82. ಅಂದರೆ ಅದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ ಬೇಸ್ ಇರುತ್ತದೆ. ನಮ್ಮ ಸಂಗೀತದಲ್ಲಿ ಮಂದ್ರ, ಮಧ್ಯ, ತಾರ ಎಂದು ಮೂರು ಸ್ಥಾಯಿ ಹೇಳುತ್ತೇವಲ್ಲ, ಇದು ಮಂದ್ರಕ್ಕೇ ಮೀಸಲಾದ ವಾದ್ಯ. ಕಿವಿ ಮಂದವಾದ ಮೇಲೆ ನನಗೆ ಮಂದ್ರ ಸಿಕ್ಕಿತು.

ಇದು ಹಳೆಯ ವಾದ್ಯವೇನಲ್ಲ. ಮೊದಲು ಪಾಶ್ಚಾತ್ಯ ಸಂಗೀತದಲ್ಲಿ ಈ ಕೆಲಸಕ್ಕೆ ಆಳೆತ್ತರದ ದೊಡ್ಡ ಪಿಟೀಲಿನಂಥ ಡಬಲ್ ಬೇಸ್ ಇತ್ತು. ಅದನ್ನು ಹೊತ್ತು ಊರೂರು ತಿರುಗುವುದು ಕಷ್ಟ, ಬೇರೆ ವಾದ್ಯಗಳ ಅಬ್ಬರದಲ್ಲಿ ಕೇಳಿಸುವುದೂ ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೊ ಫೆಂಡರ್ ಎಂಬವರು 1951ರಲ್ಲಿ ಕರೆಂಟಿನಿಂದ ನಡೆಯುವ, ಹೆಗಲಿಗೆ ತೂಗುಹಾಕಿಕೊಳ್ಳುವ ಬೇಸ್ ಗಿಟಾರನ್ನು ಮಾರಾಟಕ್ಕೆ ತಂದರು. ಕತ್ತಿನ ಮೇಲೆ ಮೆಟ್ಟಿಲುಗಳಿದ್ದದ್ದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ಅದಕ್ಕೇ ಅದಕ್ಕೆ ಪ್ರಿಸಿಷನ್ ಬೇಸ್ ಎಂದು ಹೆಸರಿಟ್ಟರು. ಅಂದರೆ ಈ ವಾದ್ಯಕ್ಕೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಒಂದು ವಾರವಾದ ಮೇಲೆ ಪಕ್ಕದ ಮನೆಯ ಅಜ್ಜಿ ಬಂದರು. “ನಿಮ್ಮ ಹುಡುಗಿ ಏನು ಮಾಡ್ತಾಳೋ ಗೊತ್ತಿಲ್ಲ, ನಮ್ಮನೆ ಅಟ್ಟದ ಮೇಲಿರೋ ಸ್ಟೀಲ್ ಕೊಳಗ ತಾನಾಗೇ ಗುಂಯ್ ಅಂತದೆ” ಎಂದರು. ದೆವ್ವವೆಂದು ಹೆದರಿದ್ದರಂತೆ. ಪುಟ್ಟಿ ಮತ್ತು ನಾನು ಲೆಕ್ಕ ಹಾಕಿದೆವು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅದನ್ನು 41ರಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸುಮಾರು 8.4 ಮೀಟರ್, ಅಂದರೆ 27 ಅಡಿ. ನಮ್ಮ ಸೈಟಿನ ಉದ್ದ ಮೂವತ್ತಡಿ. ಒಂದೇ ಒಂದು ಅಲೆ ಹೆಚ್ಚುಕಡಿಮೆ ನಮ್ಮ ಮನೆಯುದ್ದ! ನನಗೆ ಕೇಳಿಸದ 4,000ದ ದನಿಯ ಅಲೆಯೋ ಎಂಟೂವರೆ ಸೆಂಟಿಮೀಟರ್, ಒಂದು ಬೆರಳಿನುದ್ದ. ಬೆರಳುದ್ದದ ಅಲೆಯನ್ನು ಗೋಡೆ ತಡೆಯುತ್ತದೆ. ಮನೆಯುದ್ದದ ಅಲೆ ಗೋಡೆಯನ್ನೇ ಸ್ವಲ್ಪ ಅಲುಗಿಸಿ ಆಚೆ ಮನೆಗೆ ಹೋಗುತ್ತದೆ. ಹೀಗೆಂದು ಅಜ್ಜಿಗೆ ವಿವರಿಸಿದೆ. “ಅದೆಲ್ಲ ಸರಿ, ಎಂಟು ಗಂಟೆ ಮೇಲೆ ಬೇಡ” ಎಂದರು. ಒಪ್ಪಂದವಾಯಿತು. ರಾತ್ರಿ ಎಂಟರ ಮೇಲೆ ಹೆಡ್‌ಫೋನ್.

ಮಕ್ಕಳೇ, ನೀವೂ ಒಂದು ಪ್ರಯೋಗ ಮಾಡಬಹುದು. ಊದಿದ ಬಲೂನನ್ನು ಎರಡೂ ಅಂಗೈಯಲ್ಲಿ ಹಗುರವಾಗಿ ಹಿಡಿದು ದೊಡ್ಡ ಸ್ಪೀಕರಿನ ಮುಂದೆ ನಿಲ್ಲಿ. ತಗ್ಗಿನ ಸ್ವರ ಬಂದಾಗ ಬಲೂನು ಅಂಗೈಯಲ್ಲಿ ನಡುಗುತ್ತದೆ. ಮೊಬೈಲಿನಿಂದ ಇದು ಆಗದು. ಅದರ ಸ್ಪೀಕರು ತೀರಾ ಚಿಕ್ಕದು, ಅಷ್ಟು ಉದ್ದದ ಅಲೆಗೆ ಬೇಕಾದಷ್ಟು ಗಾಳಿಯನ್ನು ಅದು ತಳ್ಳಲಾರದು. ಅಂದು ಪುಟ್ಟಿ ಫೋನಿನಲ್ಲಿ ತೋರಿಸಿದಾಗ ನಮಗೆ ಯಾರಿಗೂ ಬೇಸ್ ಕೇಳಿಸದಿದ್ದುದು ಇದಕ್ಕೇ.

ಹಾಗಾದರೆ ಇಷ್ಟು ವರ್ಷ ಈ ನಾದ ನನಗೆಲ್ಲಿ ತಪ್ಪಿಹೋಯಿತು? ಯೋಚಿಸಿದೆ. ನಾನು ಹಾಡು ಕೇಳಿದ್ದು ಅಂಗೈಯಗಲದ ಸ್ಪೀಕರಿನ ಟ್ರಾನ್ಸಿಸ್ಟರಿನಲ್ಲಿ, ರಾಜ್ಯೋತ್ಸವಕ್ಕೆ ಕಂಬಕ್ಕೆ ಕಟ್ಟುತ್ತಿದ್ದ ಹೂವಿನಾಕಾರದ ಮೈಕುಗಳಲ್ಲಿ. ಅವು ದನಿಯನ್ನು ಒಂದು ಮೈಲಿ ದೂರ ಎಸೆಯುತ್ತಿದ್ದವು, ಆದರೆ ತಗ್ಗಿನ ಸ್ವರ ಅವುಗಳಿಂದ ಬರುತ್ತಿರಲಿಲ್ಲ. ರಾಜಾಜಿನಗರದಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳನ್ನು ರಾತ್ರಿಯೆಲ್ಲ ನಿಂತು ನೋಡಿದ್ದೇನೆ. ಹಾಡುವವರು, ಮಿಮಿಕ್ರಿಯವರು, ಡ್ರಮ್ಸಿನವನು ಎಲ್ಲರೂ ನೆನಪಿದ್ದಾರೆ. ಡ್ರಮ್ಸ್ ಪಕ್ಕದಲ್ಲಿ ಉದ್ದ ಕತ್ತಿನ ಗಿಟಾರ್ ಹಿಡಿದು, ತಲೆ ತಗ್ಗಿಸಿ, ಒಂದೇ ಜಾಗದಲ್ಲಿ ನಿಂತಿದ್ದವರೊಬ್ಬರು ಇರುತ್ತಿದ್ದರು. ಅವರ ಮುಖ ಮಾತ್ರ ಎಷ್ಟು ನೆನೆಸಿಕೊಂಡರೂ ಬರುವುದಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಕಣ್ಣು ಹಾಯಿಸಿದಷ್ಟು ದೂರ ಜನ. ಅಂದು ನಾನು ನೋಡಿದ್ದು ಅಶ್ವತ್ಥರನ್ನು ಮಾತ್ರ. ಹಿಂದಿನ ಸಾಲಿನಲ್ಲಿ ಯಾರ್‍ಯಾರು ಏನೇನು ನುಡಿಸುತ್ತಿದ್ದರು ಎಂದು ಕತ್ತೆತ್ತಿ ನೋಡಲೇ ಇಲ್ಲ.

ಇದನ್ನು ನೆನೆದಾಗ ನನಗೆ ನನ್ನ ಬ್ಯಾಂಕೇ ಕಣ್ಮುಂದೆ ಬಂತು. ಗಿರಾಕಿಗಳಿಗೆ ಕಾಣುವವರು ಮ್ಯಾನೇಜರು ಮತ್ತು ಕ್ಯಾಷಿಯರು. ಹಿಂದೆ ಲೆಡ್ಜರಿನ ಮುಂದೆ ಕೂತವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಆದರೆ ಸಂಜೆ ಡೇ ಬುಕ್ ಹತ್ತು ಪೈಸೆ ಟ್ಯಾಲಿ ಆಗದಿದ್ದರೆ ಇಡೀ ಬ್ರಾಂಚು ಮನೆಗೆ ಹೋಗುವಂತಿಲ್ಲ. ಎಷ್ಟೋ ರಾತ್ರಿ ಎಲ್ಲರೂ ನನ್ನ ಮೇಜಿನ ಸುತ್ತ ನಿಂತು ಆ ಹತ್ತು ಪೈಸೆ ಹುಡುಕಿದ್ದೇವೆ. ಬೇಸ್ ನುಡಿಸುವವರದ್ದೂ ಇದೇ ಕೆಲಸ. ತಾಳಕ್ಕೂ ಸ್ವರಕ್ಕೂ ಟ್ಯಾಲಿ ಮಾಡುವುದು. ಡ್ರಮ್ಸ್ ಜೊತೆ ಕಾಲಿಡಬೇಕು, ಹಾಡಿಗೆ ಆಧಾರಸ್ವರ ಕೊಡಬೇಕು. ಸರಿಯಾಗಿದ್ದಾಗ ಯಾರೂ ಗಮನಿಸುವುದಿಲ್ಲ, ನಿಂತುಹೋದರೆ ಎಲ್ಲರಿಗೂ ಗೊತ್ತಾಗುತ್ತದೆ.

ಪುಟ್ಟಿಗೆ ನಮ್ಮ ಸಂಗೀತದ ಮಂದ್ರವನ್ನೂ ತೋರಿಸಬೇಕೆನಿಸಿತು. ಕುರುಬರಹಳ್ಳಿ, ನವರಂಗ್ ದಾಟಿ ಮಲ್ಲೇಶ್ವರದ ಕಡೆ ಹೋಗಿ ಚೌಡಯ್ಯ ಸ್ಮಾರಕ ಭವನಕ್ಕೆ ಕರೆದೊಯ್ದೆ. 1980ರಲ್ಲಿ ಶುರುವಾದ ಈ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ. ಗೋಡೆಯೇ ಮೈ, ಮೇಲೆ ತಂತಿ, ಪಕ್ಕದಲ್ಲಿ ಕಮಾನು. ಅದಕ್ಕೆ ಹೆಸರು ಕೊಟ್ಟ ತಿರುಮಕೂಡಲು ಚೌಡಯ್ಯನವರು (1895–1967) ಮೈಕು ಇಲ್ಲದ ಕಾಲದವರು. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೂ ಪಿಟೀಲು ಕೇಳಿಸಬೇಕೆಂದು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. “ಅಂದ್ರೆ ಅವರಿಗೂ ಇದೇ ಚಿಂತೆ ಇತ್ತಾ ತಾತ, ಕೇಳಿಸುತ್ತೋ ಇಲ್ವೋ ಅಂತ?” ಎಂದಳು ಪುಟ್ಟಿ.

ಅಂದು ಒಳಗೆ ಕಚೇರಿಯಿತ್ತು. ಎಷ್ಟೋ ದಿನದ ಮೇಲೆ ಹೋಗಿ ಕೂತೆ. ಪಿಟೀಲಿನ ತಾರಸ್ಥಾಯಿ ನನಗೆ ತೆಳ್ಳಗೆ ಗೀರಿದಂತೆ ಬಂತು. ಆದರೆ ಈ ಸಲ ಕೆಳಗೆ ಕಿವಿಯಿಟ್ಟೆ. ತಂಬೂರಿಗೂ ನಾಲ್ಕೇ ತಂತಿ. ಪಂಚಮ, ಎರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಆ ಕೊನೆಯ ತಂತಿ ಪ್ರತಿ ಸುತ್ತಿಗೂ ಬಂದು ಮನೆ ಸೇರಿದಂತೆ ನಿಲ್ಲುತ್ತದೆ. ಮೃದಂಗದ ಎಡಮುಖಕ್ಕೆ ಕಚೇರಿಗೆ ಮುಂಚೆ ಕಲಸಿದ ರವೆ ಮೆತ್ತುತ್ತಾರೆ. ಆ ಭಾರದಿಂದ ಚರ್ಮ ನಿಧಾನವಾಗಿ ಅದುರಿ ತಗ್ಗಿನ ಗುಂಕಾರ ಬರುತ್ತದೆ. ಐವತ್ತು ವರ್ಷ ಕಚೇರಿ ಕೇಳಿದ್ದರೂ ಎಡಗೈಯನ್ನು ನಾನು ಹೀಗೆ ಕೇಳಿರಲಿಲ್ಲ. ಹಿಂದೆ ಬರುವಾಗ ಬಸ್ಸಿನಲ್ಲಿ ಪುಟ್ಟಿ ತೊಡೆಯ ಮೇಲೆ ಎಡಗೈಯಲ್ಲಿ ಅದನ್ನೇ ತಟ್ಟುತ್ತಿದ್ದಳು.

ಅಂದಿನಿಂದ ಹಳೆಯ ಉದ್ದನೆಯ ರಿಜಿಸ್ಟರ್ ಪುಸ್ತಕವೊಂದರಲ್ಲಿ ಲೆಕ್ಕ ಬರೆಯತೊಡಗಿದೆ. ವರ್ಷ, ಆಲ್ಬಂ, ತಂಡ, ಬೇಸ್ ಯಾರದು, ಷರಾ. ಐದು ಕಾಲಂ. ಪುಟ್ಟಿ ರಾತ್ರಿ ಅಭ್ಯಾಸ ಮುಗಿಸಿದ ಮೇಲೆ ಹೆಡ್‌ಫೋನನ್ನು ನನಗೆ ಕೊಡುತ್ತಾಳೆ. ಅದರಲ್ಲಿ ತಗ್ಗಿನ ಸ್ವರವೆಲ್ಲ ಬರುತ್ತದೆ.

ಮೊದಲ ನಮೂದು 2008ರದು. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಂ. ಬೇಸ್: ಗೌರವ್ ವಾಜ್. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅದರಲ್ಲಿ ಶಿಶುನಾಳ ಷರೀಫರ ರಚನೆಗಳನ್ನು ಹಾಡಿದ್ದಾರೆ. ಷರೀಫರು 19ನೇ ಶತಮಾನದವರು, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ನಮ್ಮ ತಲೆಮಾರಿಗೆ ಅವರನ್ನು ಹಾಡಿನಲ್ಲಿ ತಂದುಕೊಟ್ಟವರು ಅಶ್ವತ್ಥರು. ಅದೇ ಸಾಹಿತ್ಯ, ಈಗ ಕೆಳಗೆ ನಾಲ್ಕು ದಪ್ಪ ತಂತಿ. ಮೊದಲ ಸಲ ಕೇಳಿದಾಗ ಇದೇನು ಗಲಾಟೆ ಎನಿಸಿತು. ಮೂರನೇ ಸಲ ಬೇಸ್ ಒಂದನ್ನೇ ಹಿಡಿದುಕೊಂಡು ಹೋದೆ. ತತ್ವಪದ ಹಾಡುವವರ ಹಿಂದೆ ಏಕತಾರಿ ಮಾಡುತ್ತಿದ್ದ ಕೆಲಸವನ್ನೇ ಇದೂ ಮಾಡುತ್ತಿತ್ತು. ಷರಾ: ‘ಏಕತಾರಿಯ ಮೊಮ್ಮಗ’. ಈ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. 2013ರಲ್ಲಿ ಎರಡನೇ ಆಲ್ಬಂ ‘ಜಗ್ ಚಂಗಾ’ ಬಂತು.

ಎರಡನೆಯದು 2009. ತಂಡದ ಹೆಸರೂ ಆಲ್ಬಮ್ಮಿನ ಹೆಸರೂ ‘ಸ್ವರಾತ್ಮ’. ಹಾಡುವವರು ರಘು ಅವರ ತಮ್ಮ ವಾಸು ದೀಕ್ಷಿತ್, ಬೇಸ್ ಜಿಷ್ಣು ದಾಸ್‌ಗುಪ್ತ. ನಾನು ಬಿಡದೆ ಹಿಂಬಾಲಿಸಿದ್ದು ಈ ಜಿಷ್ಣು ಅವರನ್ನು. 2009ರ ನಂತರ 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಎ-ಫಕೀರಾ’. ಮೂರಕ್ಕೂ ಬೇಸ್ ಅವರದೇ. ಮೊದಲ ಆಲ್ಬಮ್ಮಿನಲ್ಲಿ ‘ಈ ಭೂಮಿ’ ಎಂಬ ಕನ್ನಡದ ಹಾಡಿದೆ. ‘ಪ್ಯಾಸಿ’ ಎಂಬ ಹಿಂದಿ ಹಾಡು ನಮ್ಮ ಕಾವೇರಿಯನ್ನು ಕುರಿತದ್ದು. ಅದರ ಪದಗಳು ನನಗೆ ಪೂರ್ತಿ ಅರ್ಥವಾಗಲಿಲ್ಲ, ಪುಟ್ಟಿ ಒಂದೊಂದಾಗಿ ಬಿಡಿಸಿ ಹೇಳಿದಳು. ಪಿಟೀಲೂ ಕೊರಳೂ ಮೇಲೆ ಏರುತ್ತಿರುವಾಗ ಬೇಸ್ ಎಲ್ಲೂ ಅವಸರ ಮಾಡುವುದಿಲ್ಲ. ನದಿಯ ತಳದಲ್ಲಿ ನೀರು ನಿಧಾನವಾಗಿ ಹೋದ ಹಾಗೆ.

ಒಂದು ಸಂಜೆ ಈ ತಂಡವನ್ನು ಕಣ್ಣಾರೆ ನೋಡಲೆಂದು ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಹತ್ತಿದೆವು. ಲಗ್ಗೆರೆಯಿಂದ ಅಲ್ಲಿಗೆ ಹೋಗುವ ದಾರಿಯಲ್ಲೇ ಕಂಠೀರವ ಸ್ಟುಡಿಯೊ. ಡಾ. ರಾಜ್‌ಕುಮಾರ್, ಪಾರ್ವತಮ್ಮನವರು, ಪುನೀತ್ ಮೂವರ ಸಮಾಧಿಯೂ ಅಲ್ಲಿದೆ. ಆಟೊದವರು ಆ ಗೇಟಿನ ಮುಂದೆ ಒಂದು ಕೈ ಎದೆಗೊತ್ತಿಕೊಂಡೇ ಮುಂದೆ ಹೋದರು. ಕಾರ್ಯಕ್ರಮ ಒಂದು ಕಾಲೇಜಿನ ಮೈದಾನದಲ್ಲಿತ್ತು. ಎಲ್ಲರೂ ಹುಡುಗರೇ. ನನ್ನ ವಯಸ್ಸಿನವನು ನಾನೊಬ್ಬನೇ. ಯಾರೋ ಹುಡುಗ, “ಅಜ್ಜ, ಇಲ್ಲಿ ಕೂತ್ಕೊಳ್ಳಿ” ಎಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟ. ವಾಸು ಅವರು ಸೊಂಟಕ್ಕೆ ಕೀಲುಕುದುರೆಯಂಥ ಬೊಂಬೆ ಕುದುರೆ ಕಟ್ಟಿಕೊಂಡು ಕುಣಿದರು. ನಮ್ಮೂರಿನ ಜಾತ್ರೆಯಲ್ಲಿ ಇಂಥ ಕುದುರೆ ನೋಡಿ ಎಷ್ಟು ವರ್ಷವಾಗಿತ್ತು! ಮೈದಾನವೆಲ್ಲ ಕುದುರೆಯನ್ನು ನೋಡುತ್ತಿತ್ತು. ತಾತ ಮೊಮ್ಮಗಳು ಮಾತ್ರ ಪಕ್ಕಕ್ಕೆ ತಿರುಗಿ, ತಂತಿ ಮೀಟುತ್ತಾ ನಡುವೆ ಹಾಡಿಗೂ ದನಿಗೂಡಿಸುತ್ತಿದ್ದ ಜಿಷ್ಣು ಅವರ ಬೆರಳನ್ನು ನೋಡುತ್ತಿದ್ದೆವು.

ಹಿಂದಿನ ಸಾಲಿನವರು ತಮ್ಮದೇ ಹೆಸರಿನಲ್ಲಿ ಆಲ್ಬಂ ತರುವುದು ಅಪರೂಪ. ಅಮೆರಿಕದ ಜ್ಯಾಕೊ ಪಾಸ್ಟೋರಿಯಸ್ 1976ರಲ್ಲಿ ತಂದರು. ಮೆಟ್ಟಿಲುಗಳಿಲ್ಲದ ಬೇಸನ್ನು ಕೊಳಲಿನಂತೆ ಹಾಡಿಸಿದವರು. 1987ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 35. ನಮ್ಮ ದೇಶದಲ್ಲಿ ಪುಟ್ಟಿಯ ಆರಾಧ್ಯದೈವ ಮುಂಬೈಯ ಮೋಹಿನಿ ಡೇ. ತಂದೆಯೂ ಬೇಸ್ ವಾದಕರು, ಮಗಳಿಗೆ ತೀರಾ ಎಳವೆಯಲ್ಲೇ ಕಲಿಸಿದರು. ಎ.ಆರ್. ರೆಹಮಾನ್ ಅವರ ತಂಡದಲ್ಲಿ ನುಡಿಸಿದ ಆಕೆ 2023ರಲ್ಲಿ ತನ್ನ ಹೆಸರನ್ನೇ ಇಟ್ಟು ಆಲ್ಬಂ ತಂದರು. ನಮ್ಮ ಕೊನ್ನಕ್ಕೋಲಿನ ‘ತಕಿಟ ತಕದಿಮಿ’ಯನ್ನು ಬಾಯಲ್ಲಿ ಹೇಳುತ್ತಾ ಅದನ್ನೇ ದಪ್ಪ ತಂತಿಯಲ್ಲಿ ನುಡಿಸಬಲ್ಲವರು. ಅದನ್ನು ಕೇಳಿದ ರಾತ್ರಿ ನನ್ನ ಷರಾ ಕಾಲಂ ಸಾಲಲಿಲ್ಲ, ಮುಂದಿನ ಪುಟಕ್ಕೂ ಹೋಯಿತು.

ಕೊನೆಯ ನಮೂದು ನಮ್ಮ ಬೀದಿಯದು.

ಈ ಸಲ ಗಣೇಶನ ಹಬ್ಬಕ್ಕೆ ಬೀದಿಯ ಹುಡುಗರು ವೇದಿಕೆ ಹಾಕಿ, ಪುಟ್ಟಿ ಮತ್ತು ಅವಳ ಸ್ನೇಹಿತರ ತಂಡಕ್ಕೆ ಅರ್ಧ ಗಂಟೆ ಕೊಟ್ಟರು. ಪುಟ್ಟಿಗೆ ಈಗ ದ್ವಿತೀಯ ಪಿಯುಸಿ. ನಾವು ಮುಂದಿನ ಸಾಲಿನಲ್ಲೇ ಕೂತೆವು, ಕೊಳಗದ ಅಜ್ಜಿಯೂ ಇದ್ದರು. ನಿರೂಪಕ ಮೈಕಿನಲ್ಲಿ ಏನೇನೋ ಹೇಳಿದ, ಒಂದು ಪದವೂ ತಿಳಿಯಲಿಲ್ಲ. ಎಲ್ಲರೂ ನಕ್ಕಾಗ ನಾನೂ ನಕ್ಕೆ. ಕಿವಿ ಮಂದವಾದವರಿಗೆಲ್ಲ ಈ ನಗು ಗೊತ್ತು.

ಹಾಡು ಶುರುವಾಯಿತು. ಎರಡನೇ ಚರಣಕ್ಕೆ ಹೋಗುವಷ್ಟರಲ್ಲಿ ಹಾಡುತ್ತಿದ್ದ ಹುಡುಗನಿಗೆ ಪದ ಮರೆತುಹೋಯಿತು. ಅವನು ನಿಂತ. ಅವನನ್ನು ನೋಡಿ ಗಿಟಾರಿನವಳೂ ನಿಂತಳು. ಜನ ಗುಸುಗುಸು ಎಂದರಂತೆ, ಅದು ನನಗೆ ಕೇಳಿಸಲಿಲ್ಲ. ನನಗೆ ಕೇಳಿಸುತ್ತಿದ್ದುದು ಒಂದೇ. ಪುಟ್ಟಿಯ ದಪ್ಪ ತಂತಿ. ಅವಳು ನಿಲ್ಲಿಸಲಿಲ್ಲ. ತಲೆಯೆತ್ತಿ ಆ ಹುಡುಗನ ಕಡೆ ನೋಡುತ್ತಾ ಅದೇ ನಾಲ್ಕು ಸ್ವರಗಳನ್ನು ಸುತ್ತಿ ಸುತ್ತಿ ತರುತ್ತಿದ್ದಳು, ‘ಬಾ, ಇಲ್ಲೇ ಇದ್ದೇನೆ’ ಎನ್ನುವ ಹಾಗೆ. ಡ್ರಮ್ಸಿನವನು ಅವಳನ್ನು ಹಿಡಿದುಕೊಂಡ. ಐದನೇ ಸುತ್ತಿಗೋ ಆರನೆಯದಕ್ಕೋ ಹುಡುಗನಿಗೆ ಪದ ಸಿಕ್ಕಿತು, ಹಾಡು ಮತ್ತೆ ಹೊರಟಿತು. ಚಪ್ಪಾಳೆಯೆಲ್ಲ ಹಾಡಿದವನಿಗೇ ಬಂತು. ಕುರ್ಚಿಯ ಕೈ ಹಿಡಿದಿದ್ದ ನನ್ನ ಬೆರಳುಗಳಿಗೆ ಎಲ್ಲ ಗೊತ್ತಿತ್ತು. ಡೇ ಬುಕ್ ಟ್ಯಾಲಿ ಆಗಿತ್ತು.

ಇಳಿದು ಬಂದು ನನ್ನ ಪಕ್ಕ ಕೂತು ಪುಟ್ಟಿ ಏನೋ ಹೇಳಿದಳು. ಸುತ್ತ ಗದ್ದಲ, ಅವಳಿಗೆ ಇನ್ನೂ ಏದುಸಿರು. ತುಟಿ ಅಲ್ಲಾಡುವುದು ಕಂಡಿತು, ಮಾತು ಬರಲಿಲ್ಲ. ರೂಢಿಯಂತೆ ನಕ್ಕು ತಲೆಯಾಡಿಸಿದೆ. ಅವಳ ಮುಖ ಚಿಕ್ಕದಾಯಿತು. ಮನೆಗೆ ಬಂದ ಮೇಲೆ ನಮ್ಮಾಕೆ ಹೇಳಿದಳು. ಪುಟ್ಟಿ ಕೇಳಿದ್ದು, “ತಾತ, ನಾನು ಎಲ್ಲಾದ್ರೂ ತಪ್ಪು ಮಾಡಿದ್ನಾ?” ಎಂದು. ನಾನು ಅದಕ್ಕೆ ನಗುತ್ತಾ ಹೌದೆಂದು ತಲೆಯಾಡಿಸಿದ್ದೆ.

ರಾತ್ರಿ ನಿದ್ದೆ ಬರಲಿಲ್ಲ. ಅವಳು ನುಡಿಸಿದ್ದು ಒಂದೂ ತಪ್ಪದೆ ಕೇಳಿಸಿತ್ತು, ಅವಳು ಕೇಳಿದ್ದು ಕೇಳಿಸಿರಲಿಲ್ಲ. ಮಂದ್ರ ಸಿಕ್ಕಿತಲ್ಲ ಸಾಕು ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಲೆಕ್ಕದಲ್ಲಿ ಜಮೆಯ ಕಡೆ ಮಾತ್ರ ನೋಡಿ ಖರ್ಚಿನ ಕಡೆ ಮುಚ್ಚಿಟ್ಟ ಹಾಗೆ.

ಬೆಳಿಗ್ಗೆ ಪುಟ್ಟ ಮಗುವಿನಂತೆ ಅವಳನ್ನೇ ಜೊತೆಗೆ ಕರೆದುಕೊಂಡು ಹೋಗಿ ಕಿವಿಯ ಯಂತ್ರಕ್ಕೆ ಅಳತೆ ಕೊಟ್ಟೆ. ಅಭ್ಯಾಸವಾಗಲು ಕೆಲವು ವಾರ ಬೇಕು ಎಂದಿದ್ದಾರೆ. ನಿಜ, ಮೊದಲ ದಿನ ಪೇಪರ್ ಮಡಿಚುವ ಸದ್ದಿಗೇ ಬೆಚ್ಚಿಬಿದ್ದೆ. ಮೂರನೇ ದಿನ ಬೆಳಿಗ್ಗೆ ಅಡುಗೆಮನೆಯಿಂದ ಕುಕ್ಕರ್ ಕೂಗಿತು. ಕುರ್ಚಿಯಲ್ಲಿ ಕೂತೇ ಎಣಿಸಿದೆ. ಒಂದು, ಎರಡು, ಮೂರು. ಎದ್ದುಹೋಗಿ ಒಲೆ ಆರಿಸಿದೆ.

ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿದ್ದೇವೆ. ಬೆಲ್ಟ್ ಹೋಗಿದೆ, ಎಸ್.ಪಿ. ರಸ್ತೆಯಲ್ಲಿ ಸಿಗಬಹುದು. ಮುಂದಿನ ರಜಾದಲ್ಲಿ ಪುಟ್ಟಿಯೂ ಬರುತ್ತೇನೆಂದಿದ್ದಾಳೆ. ರಿಜಿಸ್ಟರಿನಲ್ಲಿ ಗಣೇಶನ ಹಬ್ಬದ ನಮೂದಿನ ಮುಂದೆ ಷರಾ ಕಾಲಂ ಖಾಲಿಯಿತ್ತು. ಪುಟ್ಟಿಯನ್ನು ಕರೆದು ಎದುರಿಗೆ ಕೂರಿಸಿಕೊಂಡು ಬರೆದೆ: ‘ತಪ್ಪು ಇಲ್ಲ. ಪರಿಶೀಲಿಸಲಾಗಿದೆ.’ ಕೆಳಗೆ, ಬ್ಯಾಂಕಿನಲ್ಲಿ ಮಾಡುತ್ತಿದ್ದಂತೆ, ಪೂರ್ತಿ ಸಹಿ ಹಾಕಿದೆ.